ಪದಚರ್ಚೆ: ಬ್ರೆಡ್ ಪುಡಿಯೋ, ತರಿಯೋ, ತುರಿಯೋ?

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯ ಒಂದು ಪದ ಸುಮಾರು ದಿನದಿಂದ ತಲೆ ತಿನ್ನುತ್ತಿದೆ. ಬ್ರೆಡ್ ಕ್ರಂಬ್ಸ್‌ಗೆ ಕನ್ನಡದಲ್ಲಿ ಏನನ್ನಬೇಕು? ‘ಬ್ರೆಡ್ ಪುಡಿ ಅನ್ನಿ, ಮುಗೀತು’ ಅಂತ ಉತ್ತರ ಬರೆಯಲು ಹೊರಟವರು ಒಂದು ನಿಮಿಷ ತಡೆಯಿರಿ. ನಾನೂ ಹಾಗೇ ಅಂದುಕೊಂಡು ಕೆಟ್ಟೆ.

ಹೋದ ತಿಂಗಳು ಗೆಳತಿಯೊಬ್ಬಳು ಪಾಸ್ತಾ ಮೇಲೆ ಹಾಕುವ ಗರಿಗರಿ ಬ್ರೆಡ್ ಕ್ರಂಬ್ಸ್ ಮಾಡುವುದು ಹೇಗೆ ಅಂತ ಕೇಳಿದಳು. ಆದಷ್ಟೂ ಕನ್ನಡದಲ್ಲೇ ಬರೆಯಬೇಕು ಅನ್ನುವ ಹಟ ನನಗೆ. ‘ಒಣಗಿದ ಬ್ರೆಡ್ಡನ್ನು ಪುಡಿ ಮಾಡಿ, ಎಣ್ಣೆಯಲ್ಲಿ ಹುರಿದು, ಉಪ್ಪು ಖಾರ ಬೆರೆಸಿ, ಮೇಲೆ ಸಿಂಪಡಿಸು’ ಅಂತ ಒಂದೇ ಸಾಲಿನಲ್ಲಿ ಬರೆದು ಕಳಿಸಿದೆ. ಪಾಪ, ಅವಳು ಬರೆದದ್ದನ್ನು ಬರೆದಂತೆಯೇ ಮಾಡಿದಳು. ಮಿಕ್ಸಿಯಲ್ಲಿ ಹಾಕಿ ನುಣ್ಣಗೆ ಹಿಟ್ಟಾಗುವ ತನಕ ತಿರುಗಿಸಿದಳು. ಆ ಹಿಟ್ಟು ಬಾಣಲೆಗೆ ಬಿದ್ದದ್ದೇ ತಡ, ಇದ್ದ ಎಣ್ಣೆಯನ್ನೆಲ್ಲ ಹೀರಿ ಗಂಟು ಕಟ್ಟಿತು. ಗಂಟಿನ ಹೊರಗೆ ಕಪ್ಪು, ಒಳಗೆ ಹಸಿ. ಫೋಟೋ ಕಳಿಸಿ ‘ಒದ್ದೆ ಮರಳು ತಯಾರಾಗಿದೆ, ಮುಂದೇನು?’ ಅಂತ ಕೇಳಿದಳು.

ತಪ್ಪು ಅವಳದ್ದಲ್ಲ, ‘ಪುಡಿ’ ಅಂತ ಬರೆದ ನನ್ನದು. ಗಾಜು ಬಿದ್ದು ಪುಡಿಪುಡಿ ಆಯಿತು ಅಂದರೆ ಯಾರೂ ಗಾಜಿನ ಹಿಟ್ಟನ್ನು ನೆನೆಸಿಕೊಳ್ಳುವುದಿಲ್ಲ, ಅಲ್ವಾ? ಅಲ್ಲಿ ಪುಡಿ ಅಂದರೆ ಚೂರು. ಅದೇ ಪದ ಅಡುಗೆಮನೆ ಹೊಸ್ತಿಲು ದಾಟಿತೋ, ಅರ್ಥ ಬಿಗಿಯಾಗಿಬಿಡುತ್ತದೆ. ಮೆಣಸಿನ ಪುಡಿ, ಕಾಫಿ ಪುಡಿ, ಸಕ್ಕರೆ ಪುಡಿ. ಎಲ್ಲವೂ ಚಮಚದಿಂದ ಧೂಳೆದ್ದು ಬೀಳುವಂಥವು. ‘ಪುಡಿ ಮಾಡು’ ಅಂದರೆ ಕೈ ತಾನಾಗಿ ಮಿಕ್ಸಿಯ ಮೂರನೇ ನಂಬರಿಗೆ ಹೋಗುತ್ತದೆ. (ಕರಾವಳಿಯವರು ‘ಹುಡಿ’ ಅನ್ನುತ್ತಾರೆ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಈ ಪದ ಎರಡೂ ವೇಷದಲ್ಲಿ ಉಳಿದುಕೊಂಡಿತು. ನಯದ ವಿಚಾರಕ್ಕೆ ಬಂದರೆ ಹುಡಿಯೂ ಅಷ್ಟೇ, ಪುಡಿಯೂ ಅಷ್ಟೇ.)

ಹಾಗಾದರೆ ‘ಚೂರು’ ಅನ್ನೋಣವೇ? ಕೈಯಲ್ಲಿ ಹರಿದು ಹಾಕಿದ ಬ್ರೆಡ್ಡಿಗೆ ಚೂರು ಸರಿ. ಆದರೆ ಚೂರು ಅಂದಾಗ ಉಗುರಿನಷ್ಟು ದೊಡ್ಡದಾದರೂ ತಪ್ಪಿಲ್ಲ. ಅಷ್ಟು ದೊಡ್ಡದಾದರೆ ಅದು ಸೂಪಿನಲ್ಲಿ ತೇಲಿಸುವ ಕ್ರುಟಾನ್ ಆಗುತ್ತದೆ, ಕ್ರಂಬ್ಸ್ ಅಲ್ಲ. ‘ನುಚ್ಚು’ ಹತ್ತಿರ ಬರುತ್ತದೆ, ಆದರೆ ನನ್ನ ಕಿವಿಗೆ ನುಚ್ಚು ಅಂದರೆ ಗಟ್ಟಿ ಕಾಳು ಒಡೆದದ್ದು. ಬ್ರೆಡ್ಡು ಕಾಳಲ್ಲ, ಒಳಗೆಲ್ಲ ಗಾಳಿ ತುಂಬಿದ ಮೆತ್ತನೆ ವಸ್ತು. ಅದನ್ನು ನುಚ್ಚು ಅನ್ನಲು ನಾಲಿಗೆ ಹಿಂಜರಿಯುತ್ತದೆ.

ಉಳಿದದ್ದು ‘ತರಿ’. ತರಿತರಿಯಾಗಿ ಅಂದರೆ ಬೆರಳ ತುದಿಯಲ್ಲಿ ಉಜ್ಜಿದಾಗ ಒಂದೊಂದೂ ಬೇರೆ ಬೇರೆಯಾಗಿ ಸಿಗಬೇಕು, ಆದರೆ ಇದು ಇಷ್ಟು ದೊಡ್ಡದು ಅಂತ ಹೇಳುವಷ್ಟು ದೊಡ್ಡದಿರಬಾರದು. ಕ್ರಂಬ್ಸ್‌ಗೆ ಬೇಕಾದದ್ದು ಸರಿಯಾಗಿ ಇದೇ. ಒಣಗಿದ ಬ್ರೆಡ್ಡನ್ನು ಮಿಕ್ಸಿಗೆ ಹಾಕಿ ಒಂದೊಂದು ಸೆಕೆಂಡಿನಂತೆ ನಾಲ್ಕೈದು ಸಲ ತಿರುಗಿಸಿ ನಿಲ್ಲಿಸಿದರೆ ತರಿ ಸಿಗುತ್ತದೆ. ಸುಮ್ನೆ ಬಿಟ್ಟರೆ ಪುಡಿ ಸಿಗುತ್ತದೆ. ‘ತರಿ ಮಾಡು’ ಅಂತ ಬರೆದಿದ್ದರೆ ಗೆಳತಿಯ ಬಾಣಲೆ ಉಳಿಯುತ್ತಿತ್ತು.

ತರಿಗೂ ಒಂದು ತೊಡಕಿದೆ. ತರಿ ಅಂದರೆ ಕಡಿ, ಕತ್ತರಿಸು ಅಂತಲೂ ಅರ್ಥ, ತಲೆ ತರಿದ ಅನ್ನುವುದಿಲ್ಲವೇ? ಅದು ಪರವಾಗಿಲ್ಲ, ಚೂರಾಗುವುದಕ್ಕೆ ಹತ್ತಿರದ್ದೇ. ಆದರೆ ಜಮೀನಿನ ಕಾಗದದಲ್ಲಿ ಖುಷ್ಕಿ ಅಂದರೆ ಒಣ ಭೂಮಿ, ತರಿ ಅಂದರೆ ನೀರು ನಿಲ್ಲುವ ಭೂಮಿ. ಆ ತರಿ ಬೇರೆ ಕಡೆಯಿಂದ ಬಂದ ಪದ, ಈ ತರಿಗೂ ಅದಕ್ಕೂ ಸಂಬಂಧವಿಲ್ಲ, ನಿಜ. ಆದರೂ ಒದ್ದೆ ಆಗಲೇಬಾರದ ವಸ್ತುವಿಗೆ ಆ ಹೆಸರು ಅಂತ ಒಳಗೊಳಗೇ ನಗು ಬರುತ್ತದೆ.

ಈಗ ಸ್ವಾರಸ್ಯದ ಭಾಗಕ್ಕೆ ಬರುತ್ತೇನೆ. ಬೇರೆಯವರು ಇದನ್ನು ಏನಂತಾರೆ ಅಂತ ಸ್ವಲ್ಪ ನೋಡಿದೆ. ಜಪಾನಿನವರ ‘ಪಾಂಕೋ’ದಲ್ಲಿ ‘ಪಾನ್’ ಅಂದರೆ ಬ್ರೆಡ್ಡು, ಪೋರ್ಚುಗೀಸರಿಂದ ಬಂದ ಪದ. ‘ಕೋ’ ಅಂದರೆ ಪುಡಿ, ಹಿಟ್ಟು. ಅಂದರೆ ಅವರು ನೇರವಾಗಿ ಬ್ರೆಡ್ ಪುಡಿ ಅಂತಲೇ ಅಂದುಬಿಟ್ಟಿದ್ದಾರೆ, ತಮಾಷೆ ಅಂದರೆ ಎಲ್ಲದಕ್ಕಿಂತ ದೊಡ್ಡ ದೊಡ್ಡ ಚಕ್ಕೆ ಇರುವುದು ಅದರಲ್ಲೇ! (ಅದಕ್ಕೆ ಬೇಕಾದ ಬ್ರೆಡ್ಡನ್ನು ಹಿಟ್ಟಿನೊಳಗೆ ಕರೆಂಟು ಹರಿಸಿ ಬೇಯಿಸುವ ಪದ್ಧತಿ ಇದೆ. ಹಾಗೆ ಬೆಂದ ಬ್ರೆಡ್ಡಿಗೆ ಕಂದು ಸಿಪ್ಪೆಯೇ ಇರುವುದಿಲ್ಲ.) ಫ್ರೆಂಚರ ‘ಶಾಪ್ಲ್ಯೂರ್’ ಬಂದಿರುವುದು ಬ್ರೆಡ್ಡಿನ ಮೇಲಿನ ಸಿಪ್ಪೆ ಹೆರೆಯುವುದರಿಂದ. ಇಟಲಿಯವರು ‘ಪಾನ್‌ಗ್ರತ್ತಾತೊ’ ಅಂತಾರೆ, ತುರಿದ ಬ್ರೆಡ್ಡು ಅಂತ. ಅಲ್ಲಿನ ದಕ್ಷಿಣದ ಕಡೆ ಚೀಸ್ ಕೊಳ್ಳಲು ಕೈ ಸಾಗದವರು ಪಾಸ್ತಾ ಮೇಲೆ ಹಾಕಿಕೊಳ್ಳುತ್ತಿದ್ದದ್ದು ಇದನ್ನೇ.

ಈ ಇಟಲಿಯ ಪದ ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ‘ಗ್ರತ್ತಾರೆ’ ಅಂದರೆ ತುರಿ, ಮತ್ತು ಮೈ ಕೆರೆದುಕೋ! ಫ್ರೆಂಚಿನ ‘ಗ್ರಾತೆ’ಯೂ ಹಾಗೇ, ಕೆರೆ, ಹೆರೆ ಅಂತ. ‘ಗ್ರಾತಾಂ’ ಅನ್ನುವ ತಿನಿಸಿನ ಹೆಸರು ಬಂದದ್ದೂ ಪಾತ್ರೆಗೆ ಹತ್ತಿಕೊಂಡ ಹೊಪ್ಪಳಿಕೆಯನ್ನು ಕೆರೆದು ತೆಗೆಯುವುದರಿಂದ. ಕನ್ನಡದಲ್ಲಿ? ತುರಿ ಅಂದರೆ ತುರಿಯುವುದು, ತುರಿ ಅಂದರೆ ತುರಿಕೆ, ಬೆನ್ನು ತುರಿಸಿತು. ಮೂರೂ ಕಡೆ ಒಂದೇ ಜಾಡು. ಇಟಲಿ, ಫ್ರೆಂಚಿನ ಪದಗಳು ಒಂದೇ ಬೇರಿನವು, ಆದರೆ ಕನ್ನಡದ್ದು ಅವರಿಂದ ಕಡ ಪಡೆದದ್ದಲ್ಲ. ಉಗುರಿನ ಕೆಲಸಕ್ಕೂ ತುರಿಯುವ ಹಲ್ಲುಗಳ ಕೆಲಸಕ್ಕೂ ಇರುವ ಹೋಲಿಕೆ ಎಲ್ಲರ ಕಣ್ಣಿಗೂ ಬಿದ್ದಿದೆ, ಅಷ್ಟೇ.

ಅಂದಮೇಲೆ ‘ಬ್ರೆಡ್ ತುರಿ’ ಅನ್ನಬಹುದಲ್ಲ? ಅನ್ನಬಹುದು, ನಿಜವಾಗಿ ತುರಿದಿದ್ದರೆ. ಎರಡು ಮೂರು ದಿನದ ಗಟ್ಟಿ ಬ್ರೆಡ್ಡನ್ನು ದಪ್ಪ ತೂತಿನ ತುರಿಮಣೆಗೆ ಉಜ್ಜಿದರೆ ಉದ್ದುದ್ದ ಚಕ್ಕೆ ಬರುತ್ತದೆ. ಅದು ತುರಿಯೇ. ಮಿಕ್ಸಿಯಲ್ಲಿ ಬಂದದ್ದು ತರಿ. ಒಂದು ಕೊಂಬಿನ ವ್ಯತ್ಯಾಸ, ಆದರೆ ಹುರಿದಾಗ ಎರಡೂ ಬೇರೆ ಬೇರೆಯಾಗಿ ವರ್ತಿಸುತ್ತವೆ. ತುರಿ ತೆಳ್ಳಗಿರುವುದರಿಂದ ಬೇಗ ಕೆಂಪಾಗುತ್ತದೆ, ಬೇಗ ಸೀಯುತ್ತದೆ.

ಹುರಿಯುವ ಮಾತು ಬಂದಿತಲ್ಲ, ‘ಗರಿಗರಿ’ ಬಗ್ಗೆಯೂ ಹೇಳಿಬಿಡುತ್ತೇನೆ. ಒಂದು ಬಟ್ಟಲು ತರಿಗೆ ಒಂದು ದೊಡ್ಡ ಚಮಚ ಎಣ್ಣೆ, ಮಧ್ಯಮ ಉರಿ, ಕೈ ಬಿಡದೆ ತಿರುವುತ್ತಿರಬೇಕು. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಸೌಟು ಆಡಿಸಿದರೆ ಸದ್ದೇ ಇಲ್ಲ, ತರಿ ಮೆತ್ತಗೆ ಜಾರುತ್ತದೆ. ಒಳಗಿನ ನೀರು ಹೋಗುವ ತನಕ ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ನಿಂತಿರುತ್ತದೆ, ಕೆಂಪಾಗಲು ಅದಕ್ಕಿಂತ ಜಾಸ್ತಿ, ಸುಮಾರು 140ರ ಮೇಲೆ ಬೇಕು. ನೀರು ಮುಗಿದ ಹಾಗೆ ಸದ್ದು ಬದಲಾಗುತ್ತದೆ. ಒಣ ಎಲೆಗಳ ಮೇಲೆ ಕಾಲಿಟ್ಟಂತೆ ಬಾಣಲೆಯೊಳಗೆ ಒಂದು ಸರಸರ. ಆ ಸದ್ದು ಬಂತು ಅಂದರೆ ಬಣ್ಣ ಬರಲು ಒಂದೆರಡು ನಿಮಿಷ ಸಾಕು. ಬೆಳ್ಳುಳ್ಳಿ ಹಾಕುವುದಿದ್ದರೆ ಆಗಲೇ ಹಾಕಬೇಕು, ಮೊದಲೇ ಹಾಕಿದರೆ ಕಹಿ. ಒಲೆ ಆರಿಸಿದ ಮೇಲೆ ಬಾಣಲೆಯಲ್ಲೇ ಬಿಡಬೇಡಿ, ಆ ಕಾವಿಗೇ ಸೀದುಹೋಗುತ್ತದೆ. ತಟ್ಟೆಗೆ ಹರಡಿ, ಆಮೇಲೆ ಉಪ್ಪು, ಮೆಣಸಿನ ಪುಡಿ (ಇದು ನಿಜವಾದ ಪುಡಿ!), ಒಣ ಸೊಪ್ಪು, ನಿಂಬೆ ಸಿಪ್ಪೆಯ ತುರಿ.

ಆ ಹಂತದಲ್ಲಿ ಬಾಯಿಗೆ ಹಾಕಿಕೊಂಡರೆ ಗರಿಗರಿಯೋ ಕುರುಕುರುವೋ? ನನ್ನ ಲೆಕ್ಕದಲ್ಲಿ ತೆಳ್ಳಗಿದ್ದು ಹಲ್ಲು ತಾಗಿದ ಕೂಡಲೇ ಮುರಿಯುವುದು ಗರಿಗರಿ, ಸ್ವಲ್ಪ ಗಟ್ಟಿಯಿದ್ದು ಹಲ್ಲಿಗೆ ಕೆಲಸ ಕೊಡುವುದು ಕುರುಕುರು. ಪಾಂಕೋ ಥರದ ಚಕ್ಕೆ ಗರಿಗರಿ. ದಪ್ಪ ತರಿ ಕುರುಕುರು. ನೀವು ಒಪ್ಪುತ್ತೀರೋ ಇಲ್ಲವೋ ಹೇಳಿ, ಮನೆಯಲ್ಲಿ ಈ ವಿಷಯಕ್ಕೆ ಆಗಲೇ ಒಂದು ಜಗಳ ಆಗಿದೆ.

ಇನ್ನು ನಾನು ಬರೆದ ಇನ್ನೊಂದು ತಪ್ಪು, ‘ಸಿಂಪಡಿಸು’. ಇಂಗ್ಲಿಷಿನಲ್ಲಿ ಸ್ಪ್ರಿಂಕಲ್ ಅಂದರೆ ನೀರೂ ಸೈ, ಉಪ್ಪೂ ಸೈ. ಕನ್ನಡದಲ್ಲಿ ಹಾಗಲ್ಲ. ಸಿಂಪಡಿಸುವುದು, ಚಿಮುಕಿಸುವುದು ನೀರನ್ನು. ಒಣಗಿದ್ದನ್ನು ಉದುರಿಸಬೇಕು. ಈಗಿನ ಅಡುಗೆ ಬರಹಗಳಲ್ಲಿ ‘ಚೀಸ್ ಸಿಂಪಡಿಸಿ’, ‘ಬ್ರೆಡ್ ಕ್ರಂಬ್ಸ್ ಸಿಂಪಡಿಸಿ’ ಅಂತ ಓದಿದಾಗಲೆಲ್ಲ ಯಾರೋ ಬಾಟಲಿ ಹಿಡಿದು ನಿಂತ ಹಾಗೆ ಕಾಣುತ್ತದೆ. ಉದುರಿಸು ಅನ್ನುವುದರಲ್ಲಿ ಇನ್ನೊಂದು ಲಾಭ ಇದೆ. ‘ಉದುರುದುರಾಗಿರಬೇಕು’ ಅಂದರೆ ಅಂಟಬಾರದು, ಗಂಟಾಗಬಾರದು ಅಂತ ಬೇರೆ ಹೇಳಬೇಕಾಗಿಯೇ ಇಲ್ಲ.

ಅದರಿಂದಲೇ ಟಾಪಿಂಗ್‌ಗೆ ‘ಮೇಲುದುರು’ ಅಂತ ಒಂದು ಪದ ಹೊಳೆಯಿತು. ಮೇಲೋಗರ ಇದ್ದಂತೆ ಮೇಲುದುರು. ಆದರೆ ಕ್ರೀಮು, ಸಾಸು ಕೂಡ ಟಾಪಿಂಗ್ ತಾನೇ, ಅವು ಉದುರುವುದಿಲ್ಲ. ಹಾಗಾಗಿ ಒಣ ಟಾಪಿಂಗ್‌ಗೆ ಮಾತ್ರ ಇದು ನಡೆದೀತು. ಸೀಸನಿಂಗ್‌ಗೆ ನನ್ನ ಬಳಿ ಒಂದೇ ಪದ ಇಲ್ಲ, ‘ಉಪ್ಪು ಖಾರ ಹಾಕಿದ’ ಅಂತಲೇ ಸಾಗಿಸುತ್ತಿದ್ದೇನೆ. ‘ಮಸಾಲೆ’ ಅಂದರೆ ಓದುವವರು ಇಲ್ಲದ್ದನ್ನೆಲ್ಲ ಹಾಕುತ್ತಾರೆ.

ಕೊನೆಯದಾಗಿ ಒಂದು ಗೊಂದಲ. ಬೇಕರಿ ಕೆಲಸದವರ ಮಾತಿನಲ್ಲಿ ‘ಕ್ರಂಬ್’ ಅಂದರೆ ಉದುರಿದ ತರಿಯಲ್ಲ, ಬ್ರೆಡ್ಡಿನ ಸಿಪ್ಪೆಯೊಳಗಿನ ಮೆತ್ತನೆ ಭಾಗ. ಅದಕ್ಕೆ ‘ತಿರುಳು’ ಅನ್ನುವುದು ನನಗೆ ಸರಿ ಕಾಣುತ್ತದೆ. ಹಣ್ಣಿಗೆ ಸಿಪ್ಪೆ, ತಿರುಳು ಇದ್ದಂತೆ ಬ್ರೆಡ್ಡಿಗೂ. ಆದರೆ ‘ಸಿಪ್ಪೆ’ ಅಂದರೆ ಸುಲಿದು ಎಸೆಯುವುದು ಅನ್ನುವ ಭಾವ ಬರುತ್ತದೆ, ಬ್ರೆಡ್ಡಿನಲ್ಲಿ ರುಚಿ ಇರುವುದೇ ಅಲ್ಲಿ. ‘ತೊಗಟೆ’ ಅಂದರೆ ಮರ ನೆನಪಾಗುತ್ತದೆ. ‘ಹೊಪ್ಪಳಿಕೆ’ ಅಂದರೆ ಗಾಯ. ಇದಕ್ಕೆ ನಿಮ್ಮ ಕಡೆ ಬೇರೆ ಪದ ಏನಾದರೂ ಇದ್ದರೆ ತಿಳಿಸಿ.

ಗೆಳತಿಗೆ ಎರಡನೇ ಸಲ ಬರೆದದ್ದು ಹೀಗೆ: ‘ಬ್ರೆಡ್ಡನ್ನು ತರಿತರಿ ಮಾಡಿ, ಸರಸರ ಅನ್ನುವ ತನಕ ಹುರಿದು, ತಿನ್ನುವ ಹೊತ್ತಿಗೆ ಮೇಲೆ ಉದುರಿಸು.’ ಈ ಸಲ ಫೋಟೋ ಬರಲಿಲ್ಲ. ತಟ್ಟೆ ಖಾಲಿಯಾದ ಮೇಲೆ ನೆನಪಾಯಿತಂತೆ.