ಗುಲಾಮಗಿರಿ 1843ರಲ್ಲೇ ಹೋಯ್ತಂತೆ, ಮತ್ತೆ ಜೀತ 1976ರವರೆಗೆ ಹೇಗಿತ್ತು?

ಗದ್ದೆಬದು:
ಪರೀಕ್ಷೆಗೆ ಓದ್ತಾ ತಲೆ ಕೆಟ್ಟುಹೋಯ್ತು. ಬ್ರಿಟಿಷ್ ಪಾರ್ಲಿಮೆಂಟ್ 1833ರಲ್ಲಿ ಗುಲಾಮಗಿರಿ ರದ್ದು ಮಾಡಿತು, ನಮ್ಮಲ್ಲಿ 1843ರಲ್ಲಿ ಬೇರೆ ಕಾಯ್ದೆ ಬಂತು. ಹಾಗಿದ್ದ ಮೇಲೆ ಜೀತಕ್ಕೆ ಅಂತ 1976ರಲ್ಲಿ ಇನ್ನೊಂದು ಯಾಕೆ ಬೇಕಾಯ್ತು?

ಕಡತದಹುಳು:
1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದ್ದರು. ಉಳಿದ ಕಡೆ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟರು, ಯಾರಿಗೆ ಅಂದ್ರೆ ಒಡೆಯರಿಗೆ! ದುಡಿದವರಿಗೆ ಬಿಡಿಗಾಸಿಲ್ಲ. ವೆಸ್ಟ್ ಇಂಡೀಸ್‌ನ ಬಹುತೇಕ ತೋಟಗಳಲ್ಲಿ ‘ಅಪ್ರೆಂಟಿಸ್’ ಅಂತ ಹೆಸರಿಟ್ಟು 1838ರವರೆಗೆ ಅದೇ ಒಡೆಯರಿಗೆ ಬಿಟ್ಟಿ ಚಾಕರಿ.

ನಮ್ಮ 1843ರದ್ದು ತುಂಬಾ ಚಿಕ್ಕ ಕಾಯ್ದೆ. ‘ಇವನು ನನ್ನ ಗುಲಾಮ, ಕೊಡಿಸಿ’ ಅಂತ ಹೋದರೆ ಕೋರ್ಟು ಕೇಳುವುದಿಲ್ಲ, ಕಂದಾಯ ಬಾಕಿಗೆ ಆಳುಗಳನ್ನು ಹರಾಜು ಹಾಕುವಂತಿಲ್ಲ, ಹೆಚ್ಚುಕಮ್ಮಿ ಇಷ್ಟೇ. ಗುಲಾಮರನ್ನು ಇಟ್ಟುಕೊಂಡವನಿಗೆ ಶಿಕ್ಷೆ ಅಂತ ಇಲ್ಲ. ಕೊಳ್ಳುವುದು, ಮಾರುವುದು ಅಪರಾಧ ಆಗಿದ್ದು 1860ರ ದಂಡ ಸಂಹಿತೆಯಲ್ಲಿ. ಕೆನರಾ ಕಡೆ ಗದ್ದೆಯ ಜೊತೆ ಮೂಲದಾಳುಗಳೂ (ತಲೆತಲಾಂತರದಿಂದ ಅದೇ ಜಮೀನಿಗೆ ಕಟ್ಟುಬಿದ್ದ ಆಳುಗಳು) ಕೈ ಬದಲಾಗುತ್ತಿದ್ದರು, ನಿಮಗೆ ಬಿಡುಗಡೆ ಆಗಿದೆ ಅಂತ ಅವರ ಹಟ್ಟಿಗೆ ಹೋಗಿ ಹೇಳಿದವರು ಯಾರು?

ಅಷ್ಟರಲ್ಲಿ 1859ರಲ್ಲಿ ಇನ್ನೊಂದು ಬಂತು. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದ ಕೂಲಿಯವನಿಗೆ ಮೂರು ತಿಂಗಳವರೆಗೆ ಜೈಲು! ಗುಲಾಮ ಅಂತ ಹಿಡಿದಿಡೋದು ಕಷ್ಟ ಆದಾಗ ಸಾಲಗಾರ ಅಂತ ಹಿಡಿದಿಟ್ಟರು. ನನ್ನ ಪ್ರಕಾರ ಉತ್ತರ ಇಲ್ಲೇ ಇದೆ.

ಬಯಲುಸೀಮೆಯವ:
ಹೌದು ಸಾರ್, ಎಲ್ಲಾ ಸಾಲದಲ್ಲೇ ಇರೋದು. ನಮ್ಮ ತಾತ ಮದುವೆಗೆ ಅಂತ ಸಾಲ ತಗೊಂಡು ಗೌಡರ ಮನೆ ಸೇರಿದ್ದು. ಹೊತ್ತಿಗೆ ಮುದ್ದೆ, ವರ್ಷಕ್ಕೊಂದು ಕಂಬಳಿ, ದನದ ಕೊಟ್ಟಿಗೇಲಿ ಮಲಗೋದು. ಅಸಲು ಹಾಗೇ ಇರ್ತಿತ್ತು. ಹೆಬ್ಬೆಟ್ಟು ಒತ್ತಿದ ಚೀಟೀಲಿ ಎಷ್ಟು ಬರೆದಿದ್ರು ಅಂತ ಅವರಿಗೆ ಕೊನೇವರೆಗೂ ಗೊತ್ತಾಗಲಿಲ್ಲ. ಸ್ವಲ್ಪ ದಿನ ನಮ್ಮಪ್ಪನೂ ಅದೇ ಲೆಕ್ಕಕ್ಕೆ ದನ ಕಾಯ್ದರು.

ಗದ್ದೆಬದು:
ಹಾಗಾದ್ರೆ 1976ರ ಕಾಯ್ದೆ ಮಾಡಿದ್ದು ಏನು?

ಕಡತದಹುಳು:
ಆ ಸಾಲವನ್ನೇ ರದ್ದು ಮಾಡಿತು. ಇದು ಜೀತದ ಸಾಲ ಅಂತ ಆಳು ಹೇಳಿದರೆ ಸಾಕು, ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಚೀಟಿಯೇ ಇಲ್ಲದವರಿಗೆ ಇದು ಎಷ್ಟು ದೊಡ್ಡದು ನೋಡಿ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ದಂಡ ಎರಡು ಸಾವಿರ ರೂಪಾಯಿವರೆಗೆ (ದಂಡ ಓದಿ ನಗಬೇಡಿ). ಆಮೇಲೆ 1982ರಲ್ಲಿ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೂ ಅದು ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಅಂದಿತು.

ಬಯಲುಸೀಮೆಯವ:
ಪುಸ್ತಕದಲ್ಲಿ ಚೆನ್ನಾಗೇ ಇದೆ. ಇಟ್ಟಿಗೆ ಗೂಡಿಗೆ ಅಡ್ವಾನ್ಸ್ ಕೊಟ್ಟು ಸಂಸಾರ ಸಮೇತ ಕರ್ಕೊಂಡು ಬರ್ತಾರಲ್ಲ, ಅವರಿಗೆ ಬಿಡುಗಡೆ ಪತ್ರ ಕೊಡಿಸೋಕೆ ಯಾವ ಆಫೀಸಿಗೆ ಹೋಗಬೇಕು, ಅದನ್ನ ಹೇಳಿ.

ಕಡತದಹುಳು:
ಎಸಿ ಅಥವಾ ಡಿಸಿ ಆಫೀಸು. ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.