ಅಪ್‌ಡೇಟ್: ಸೋಫಾದ ಬಾಸ್ ಶೇಕರ್ ಕೊನೆಗೂ ಸರಿಹೋಯಿತು

ಸೋಫಾ ಅಡಿಗೆ ಎರಡು ಬಾಸ್ ಶೇಕರ್ (ಸಿನಿಮಾದ ದಪ್ಪ ಸದ್ದಿಗೆ ಸೀಟನ್ನು ಅಲುಗಿಸುವ ಸಾಧನ) ಹಾಕಿದ್ದೇನೆ, ಆದರೆ ನೆಲವೇ ಜಾಸ್ತಿ ನಡುಗುತ್ತದೆ, ಯಾರಾದರೂ ಮಾತಾಡಿದರೆ ಸೀಟು ಗುಂಯ್ ಅನ್ನುತ್ತದೆ ಅಂತ ಕೇಳಿದ್ದೆ ಅಲ್ವಾ? ಈಗ ಆ ಎರಡು ತೊಂದರೆಗಳೂ ನಿಂತಿವೆ.

ನೆಲದ ನಡುಕ ನಿಲ್ಲಿಸಿದ್ದು ಸೋಫಾದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಡಿ ಎಂಬ ಸಲಹೆ. ಅದು ಅಲುಗಾಟವನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ, ಸೋಫಾಗೇ ಸಿಗುತ್ತದೆ. ಕಾರ್ಪೆಟ್ ತುಂಡಿನಿಂದ ಏನೂ ಆಗಲಿಲ್ಲ. ಶೇಕರ್ ಅಂಟಿಸಲು ಡಬಲ್ ಸೈಡ್ ಟೇಪ್ ಅಂತೂ ಬೇಡವೇ ಬೇಡ, ಶೇಕರ್ ಬಿಸಿಯಾದಾಗ ಅಂಟು ಬಿಟ್ಟುಕೊಳ್ಳುತ್ತದೆ. ಫ್ರೇಮಿನ ಮರದ ಅಡ್ಡಪಟ್ಟಿಗೆ ಬೋಲ್ಟ್, ವಾಷರ್ ಹಾಕಿ ಬಿಗಿ ಮಾಡಿ.

ಗುಂಯ್ ಸದ್ದಿಗೆ ಲೋ ಪಾಸ್ ಫಿಲ್ಟರೇ ಮದ್ದು, ಅಂದರೆ ದಪ್ಪ ಸದ್ದನ್ನು ಮಾತ್ರ ಶೇಕರ್‌ಗೆ ಬಿಟ್ಟು ಮೇಲಿನದನ್ನು ತಡೆಯುವ ಸೆಟ್ಟಿಂಗ್. ಹಲವರು ಹೇಳಿದ 80 ಹರ್ಟ್ಸ್ ನನಗೆ ಸಾಲಲಿಲ್ಲ. ಗಂಡಸರ ದನಿ ಸುಮಾರು 85 ಹರ್ಟ್ಸ್‌ವರೆಗೂ ಇಳಿಯುತ್ತದೆ, ಫಿಲ್ಟರ್ ನಾವು ಇಟ್ಟ ಹರ್ಟ್ಸ್‌ನಲ್ಲೇ ಪೂರ್ತಿ ಕತ್ತರಿಸುವುದಿಲ್ಲ, ನಿಧಾನವಾಗಿ ಇಳಿಸುತ್ತದೆ. 50ಕ್ಕೆ ಇಟ್ಟ ಮೇಲೆ ಮಾತಿಗೆ ಸೀಟು ಅಲುಗುತ್ತಿಲ್ಲ.

ಹೊಸ ಆಂಪ್ಲಿಫೈಯರ್ ಖರ್ಚೂ ಉಳಿಯಿತು. 4 ಓಮ್‌ನ ಎರಡು ಶೇಕರ್‌ಗಳನ್ನು ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಜೋಡಿಸಿದರೆ ಒಟ್ಟು ತಡೆ 8 ಓಮ್ ಆಗುತ್ತದೆ, ಆಂಪ್ಲಿಫೈಯರ್ ಮೇಲೆ ಹೊರೆ ಕಡಿಮೆ, ಹಾಗಾಗಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರೇ ಸಾಕಾಯಿತು.

ನನಗೆ ಆಶ್ಚರ್ಯವಾಗಿದ್ದು, ಶೇಕರ್‌ನ ಜೋರು ಕಡಿಮೆ ಇಟ್ಟಷ್ಟೂ ಚೆನ್ನ. ಅದು ಇದೆ ಅಂತಲೇ ಗೊತ್ತಾಗಬಾರದು, ಆಫ್ ಮಾಡಿದಾಗ ಮಾತ್ರ ಏನೋ ಕಡಿಮೆ ಅನ್ನಿಸಬೇಕು. ರಬ್ಬರ್ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.