ತಾತನ ಕೈಬರಹದ ಟ್ಯಾಟೂ: ಎಲ್ಲಿ ಹಾಕಿಸಿಕೊಳ್ಳಲಿ, ಎಷ್ಟು ದೊಡ್ಡದಿರಲಿ?

ನೀಲಿಶಾಯಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಟ್ಯಾಟೂ. ಏನು ಹಾಕಿಸಿಕೊಳ್ಳಬೇಕು ಅನ್ನೋದು ಸುಮಾರಾಗಿ ಗೊತ್ತಿದೆ. ಎಲ್ಲಿ ಅನ್ನೋದೇ ತಿಳಿಯುತ್ತಿಲ್ಲ.

ನಾನು ಹಾಸ್ಟೆಲ್‌ನಲ್ಲಿ ಓದುವಾಗ ತಾತ ಕಾಗದ ಬರೆಯುತ್ತಿದ್ದರು. ಕೊನೆಗೆ ಯಾವಾಗಲೂ ಒಂದೇ ಮಾತು: 'ಧೈರ್ಯವಾಗಿರು'. ಅದರ ಕೆಳಗೆ ಒಂದು ಗೆರೆ ಎಳೆದು ಸಹಿ ಹಾಕುತ್ತಿದ್ದರು. ಈಗ ಅವರಿಲ್ಲ, ಕಾಗದಗಳಿವೆ. ಆ ಪದವನ್ನು ಅವರ ಅಕ್ಷರದಲ್ಲೇ, ಇದ್ದದ್ದು ಇದ್ದ ಹಾಗೆ ಹಾಕಿಸಿಕೊಳ್ಳಬೇಕು ಅಂತ ತುಂಬಾ ಆಸೆ. ಪಕ್ಕದಲ್ಲಿ ಒಂದು ಚಿಕ್ಕ ಗುಬ್ಬಿ ಇದ್ದರೆ ಚೆನ್ನಾಗಿರುತ್ತದಾ ಅಂತಲೂ ಅನಿಸುತ್ತಿದೆ.

ಮೂರು ಜಾಗ ಯೋಚಿಸಿದ್ದೇನೆ. ಮಣಿಕಟ್ಟಿನ ಒಳಗಡೆ ಆದರೆ ನನಗೇ ಕಾಣುತ್ತಿರುತ್ತದೆ. ಬೆರಳಿನ ಪಕ್ಕ ಹಾಕಿಸಿಕೊಂಡವರ ಫೋಟೋ ನೋಡಿದ್ದೇನೆ, ತುಂಬಾ ಮುದ್ದಾಗಿರುತ್ತದೆ. ಪಕ್ಕೆಲುಬಿನ ಮೇಲೆ ಆದರೆ ನನ್ನ ಪಾಡಿಗೆ ನನ್ನದಾಗಿ ಇರುತ್ತದೆ, ಆದರೆ ನೋವು ಜಾಸ್ತಿ ಅನ್ನುತ್ತಾರೆ.

ಕಾಗದದಲ್ಲಿ ಆ ಪದ ಸುಮಾರು 3 ಸೆಂಟಿಮೀಟರ್ ಉದ್ದ ಇದೆ. ಅದೇ ಅಳತೆಯಲ್ಲಿ, ತೆಳ್ಳಗಿನ ಗೆರೆಯಲ್ಲಿ ಬೇಕು. ತಾತ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರು, ಹಾಗಾಗಿ ನೀಲಿಯೋ ಕಪ್ಪೋ ಅನ್ನೋದೂ ತೀರ್ಮಾನ ಆಗಿಲ್ಲ. ಇನ್ನೊಂದು ವಿಷಯ, ನನ್ನ ಭುಜದ ಮೇಲೆ ಹಳೇ ಗಾಯದ ಗುರುತೊಂದು ಉಬ್ಬಿಕೊಂಡೇ ಇದೆ. ಅದಕ್ಕೂ ಟ್ಯಾಟೂಗೂ ಏನಾದರೂ ಸಂಬಂಧ ಇದೆಯಾ?

---

ಸೂಜಿಮಲ್ಲಿಗೆ:

ಟ್ಯಾಟೂ ಹಾಕೋದೇ ನನ್ನ ಕೆಲಸ. ಅದರಲ್ಲೂ ಕೈಬರಹ ನನಗೆ ತುಂಬಾ ಇಷ್ಟ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಳತೆಯ ಮಾತು. 3 ಸೆಂಟಿಮೀಟರ್ ಬೇಡ. ದಯವಿಟ್ಟು ಬೇಡ.

ಯಾಕೆ ಅಂತ ಹೇಳುತ್ತೇನೆ. ಸೂಜಿ ಚರ್ಮದೊಳಗೆ ಒಂದರಿಂದ ಎರಡು ಮಿಲಿಮೀಟರ್ ಇಳಿಯುತ್ತದೆ. ಚರ್ಮದ ಮೇಲ್ಪದರ ಸದಾ ಉದುರಿ ಹೊಸದಾಗುತ್ತಲೇ ಇರುತ್ತದೆ, ಶಾಯಿ ನಿಲ್ಲೋದು ಅದರ ಕೆಳಗಿನ ಪದರದಲ್ಲಿ. ಅಲ್ಲಿ ದೇಹವನ್ನು ಕಾಯುವ ಕೆಲವು ಜೀವಕೋಶಗಳು ಶಾಯಿಯನ್ನು ನುಂಗಿ ಹಿಡಿದುಕೊಳ್ಳುತ್ತವೆ. ಅಂಥ ಒಂದು ಕೋಶ ಸತ್ತರೆ ಶಾಯಿ ಹೊರಗೆ ಬೀಳುತ್ತದೆ, ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನು ಮತ್ತೆ ನುಂಗುತ್ತದೆ. 2018ರಲ್ಲಿ ಫ್ರಾನ್ಸ್‌ನ ಸಂಶೋಧಕರು ಇಲಿಗಳ ಚರ್ಮದಲ್ಲಿ ಇದನ್ನು ತೋರಿಸಿದರು. ಟ್ಯಾಟೂ ಅಳಿಯದೆ ಉಳಿಯೋದು ಹೀಗೆ. ಆದರೆ ಉಳಿಯುತ್ತದೆ ಅಂದ ಮಾತ್ರಕ್ಕೆ ಇದ್ದ ಹಾಗೇ ಇರುತ್ತದೆ ಅಂತ ಅಲ್ಲ. ವರ್ಷ ಕಳೆದ ಹಾಗೆ ಪ್ರತಿ ಗೆರೆಯೂ ಸ್ವಲ್ಪ ದಪ್ಪಗಾಗುತ್ತದೆ, ಅಂಚು ಮೆತ್ತಗಾಗುತ್ತದೆ. ಯಾರು ಹಾಕಿದರೂ ಅಷ್ಟೇ.

ಈಗ ನಿಮ್ಮ ಪದ ನೋಡಿ. ಐದು ಅಕ್ಷರ. 3 ಸೆಂಟಿಮೀಟರ್‌ನಲ್ಲಿ ಒಂದೊಂದಕ್ಕೆ ಸಿಗೋದು 6 ಮಿಲಿಮೀಟರ್. ಮೊದಲ ಅಕ್ಷರವೇ 'ಧೈ'. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಆ ಒಂದು ಸೀಳು ಮಾತ್ರ ಅಲ್ವಾ? ಈ ಅಳತೆಯಲ್ಲಿ ಆ ಸೀಳಿಗೆ ಒಂದು ಮಿಲಿಮೀಟರ್ ಜಾಗ ಸಿಕ್ಕರೆ ಹೆಚ್ಚು. ಗೆರೆ ಎರಡೂ ಕಡೆಯಿಂದ ಚೂರು ದಪ್ಪವಾದರೆ ಸೀಳು ಮುಚ್ಚಿಹೋಗುತ್ತದೆ. ತಾತ ಸರಿಯಾಗಿ ಬರೆದ ಪದ ನಿಮ್ಮ ಮೈಮೇಲೆ 'ದೈರ್ಯ' ಆಗಿ ಕೂರುತ್ತದೆ. 'ವಾ'ದ ಹೊಟ್ಟೆ, 'ಗಿ'ಯ ಗುಡಿಸು, 'ರ್ಯ'ದ ಅರ್ಕಾವೊತ್ತು, ಇವಕ್ಕೂ ಇದೇ ಗತಿ. ನಮ್ಮ ಲಿಪಿ ತುಂಬಾ ಸುರುಳಿಗಳು, ಸುರುಳಿಯೊಳಗೆಲ್ಲ ಖಾಲಿ ಜಾಗ. ಓದೋಕೆ ಆಗೋದು ಆ ಖಾಲಿ ಜಾಗದಿಂದಲೇ. ಅದನ್ನು ಕಾಪಾಡಿಕೊಳ್ಳಬೇಕು.

ನಾನಾದರೆ 8 ಸೆಂಟಿಮೀಟರ್ ಆದರೂ ಮಾಡುತ್ತೇನೆ. ದೊಡ್ಡದು ಮಾಡಿದರೆ ಅಕ್ಷರದ ಗುಣ ಕೆಡೋದಿಲ್ಲ. ಕಾಗದವನ್ನು ಚಪ್ಪಟೆಯಾಗಿ ಇಟ್ಟು ಸ್ಕ್ಯಾನ್ ಮಾಡಿ, ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಫೋಟೋ ಬೇಡ. ಆಮೇಲೆ ಕಲಾವಿದರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ: ಅಕ್ಷರವನ್ನು ಚಂದ ಮಾಡಬೇಡಿ ಅಂತ. ಸಾಲು ಎಲ್ಲಿ ಮೇಲಕ್ಕೆ ಏರಿದೆ, ಎಲ್ಲಿ ಪೆನ್ನು ಒತ್ತಿದೆ, ಎಲ್ಲಿ ಶಾಯಿ ತೆಳುವಾಗಿದೆ, ಅದೇ ನಿಮ್ಮ ತಾತನ ಕೈ. ಅದು ಹೋದರೆ ಬರೀ ಒಂದು ಪದ ಉಳಿಯುತ್ತದೆ. ಬದಲಾಯಿಸಬಹುದಾದದ್ದು ಒಂದೇ, 'ಧ'ದ ಸೀಳನ್ನೂ ಸುರುಳಿಗಳ ಒಳಗನ್ನೂ ಕೂದಲೆಳೆಯಷ್ಟು ಅಗಲ ಮಾಡೋದು. ನೋಡಿದವರಿಗೆ ಗೊತ್ತೂ ಆಗೋದಿಲ್ಲ. ಉದ್ದಕ್ಕೂ ಒಂದೇ ಸಮನಾದ ತೆಳು ಗೆರೆಯೂ ಬೇಡ. ಪೆನ್ನಿನ ಬರಹದಲ್ಲಿ ದಪ್ಪ ತೆಳು ಎರಡೂ ಇರುತ್ತವೆ, ಸೂಜಿಯಲ್ಲೂ ಅದನ್ನು ತರಬಹುದು.

ಅಳತೆ ಗೊತ್ತಾದರೆ ಜಾಗದ ವಿಷಯ ಅರ್ಧ ಮುಗಿದ ಹಾಗೆ. ಬೆರಳಿನ ಪಕ್ಕ ಬಿಟ್ಟುಬಿಡಿ. ಅಲ್ಲಿ ಚರ್ಮ ದಿನಕ್ಕೆ ಎಷ್ಟೋ ಸಲ ನೀರು, ಸೋಪು, ಉಜ್ಜಾಟ ಕಾಣುತ್ತದೆ. ಶಾಯಿ ಒಂದು ಕಡೆ ಹಾರಿಹೋಗುತ್ತದೆ, ಇನ್ನೊಂದು ಕಡೆ ಹರಡಿಕೊಳ್ಳುತ್ತದೆ. ನೀವು ನೋಡಿದ ಮುದ್ದಾದ ಫೋಟೋಗಳಲ್ಲಿ ಹೆಚ್ಚಿನವು ಹಾಕಿದ ದಿನವೇ ತೆಗೆದವು. ಯಾವ ಕಲಾವಿದರ ಹತ್ತಿರ ಹೋದರೂ, ಹಾಕಿ ಕೆಲವು ವರ್ಷ ಆದಮೇಲಿನ ಫೋಟೋ ಕೇಳಿ ನೋಡಿ. ಕೆಲಸದ ಗುಣ ಅಲ್ಲಿ ಕಾಣುತ್ತದೆ.

ಮಣಿಕಟ್ಟಿನ ಮಡಿಕೆಗಳ ಮೇಲೂ ಬೇಡ, ಅಲ್ಲೂ ಗೆರೆ ಕೆಡುತ್ತದೆ. ಪಕ್ಕೆಲುಬಿನ ಮೇಲೆ ನೋವು ಜಾಸ್ತಿ ಅನ್ನೋದು ನಿಜ. ಚರ್ಮ ತೆಳು, ಕೆಳಗೇ ಮೂಳೆ, ಉಸಿರಾಡಿದಾಗೆಲ್ಲ ಜಾಗ ಅಲುಗಾಡುತ್ತದೆ. ಆದರೆ ಅಲ್ಲಿ ಬಿಸಿಲು ಬೀಳೋದಿಲ್ಲ, ಟ್ಯಾಟೂವನ್ನು ಮಂಕು ಮಾಡೋದರಲ್ಲಿ ಬಿಸಿಲಿಗೆ ದೊಡ್ಡ ಪಾಲಿದೆ. ಹಾಗಾಗಿ ಕೆಟ್ಟ ಆಯ್ಕೆ ಅಂತ ಹೇಳೋದಿಲ್ಲ.

ನನ್ನನ್ನು ಕೇಳಿದರೆ ಎಡ ಮುಂಗೈಯ ಒಳಭಾಗ, ಮಣಿಕಟ್ಟಿನ ಮಡಿಕೆಯಿಂದ ಮೂರು ಬೆರಳಗಲ ಮೇಲಿಂದ ಮೊಣಕೈ ಕಡೆಗೆ. ಚರ್ಮ ಸಮತಟ್ಟು, ಬಿಸಿಲು ಕಡಿಮೆ, ನೋವೂ ತಡೆಯುವಷ್ಟೇ. ತೋಳನ್ನು ಎದೆಯ ಮುಂದೆ ಅಡ್ಡ ಹಿಡಿದು ಅಂಗೈಯನ್ನು ಮುಖದ ಕಡೆ ತಿರುಗಿಸಿ. ಮೊಣಕೈ ಕಡೆಯಿಂದ ಮಣಿಕಟ್ಟಿನ ಕಡೆಗೆ, ಅಕ್ಷರದ ತಲೆ ಹೆಬ್ಬೆರಳಿನ ಕಡೆ ಇರುವ ಹಾಗೆ ಬರೆದರೆ ನಿಮಗೆ ನೇರವಾಗಿ ಓದಲು ಸಿಗುತ್ತದೆ. ಎದುರಿಗಿರುವವರಿಗೆ ನೇರ ಕಾಣಬೇಕು ಅನ್ನುವ ಕಲಾವಿದರು ಬೇಕಾದಷ್ಟಿದ್ದಾರೆ. ಈ ಮಾತನ್ನು ತಾತ ಹೇಳಿದ್ದು ನಿಮಗೆ. ಓದಬೇಕಾದವರೂ ನೀವೇ.

ಮುಂಗೈ ತಿರುಚಿಕೊಳ್ಳುತ್ತದೆ ಅನ್ನೋದು ನೆನಪಿರಲಿ. ಅಂಗೈಯನ್ನು ಮೇಲ್ಮುಖ ಮಾಡಿ ಸ್ಟೆನ್ಸಿಲ್ (ಸೂಜಿ ಹಿಡಿಯುವ ಮುಂಚೆ ಚರ್ಮದ ಮೇಲೆ ಇಳಿಸುವ ಅಚ್ಚು) ಅಂಟಿಸಿದರೆ ನೇರ ಕಾಣುತ್ತದೆ, ಕೈ ಇಳಿಬಿಟ್ಟಾಗ ಸಾಲು ಓರೆಯಾಗುತ್ತದೆ. ಅಂಟಿಸಿದ ಮೇಲೆ ಎದ್ದು ನಿಲ್ಲಿ, ಕನ್ನಡಿ ನೋಡಿ, ಕೈ ತಿರುಗಿಸಿ ನೋಡಿ. ಸರಿ ಬರದಿದ್ದರೆ ಒರೆಸಿ ಮತ್ತೆ ಅಂಟಿಸಲು ಹೇಳಿ. ಎಷ್ಟು ಸಲ ಆದರೂ ಪರವಾಗಿಲ್ಲ. ಅದಕ್ಕೆ ಮುಖ ಗಂಟಿಕ್ಕುವ ಕಲಾವಿದರಾದರೆ ಅವತ್ತು ಹಾಗೇ ಎದ್ದು ಬನ್ನಿ.

ಬಣ್ಣ ಕಪ್ಪೇ ಇರಲಿ. ಕಪ್ಪು ಎಲ್ಲಕ್ಕಿಂತ ಚೆನ್ನಾಗಿ ಬಾಳುತ್ತದೆ, ಮುಂದೆ ಯಾವತ್ತಾದರೂ ಲೇಸರ್‌ನಲ್ಲಿ ತೆಗೆಸುವ ಮಾತು ಬಂದರೂ ಸುಲಭವಾಗಿ ಹೋಗೋದು ಅದೇ. ನೀಲಿಯಲ್ಲಿ ಇನ್ನೊಂದು ತೊಡಕಿದೆ. ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಟ್ಯಾಟೂ ಶಾಯಿಯಲ್ಲಿರುವ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿತು. ತುಂಬಾ ಬಳಕೆಯಲ್ಲಿದ್ದ ಒಂದು ನೀಲಿ, ಒಂದು ಹಸಿರು ಬಣ್ಣಕ್ಕೆ 2023ರ ಜನವರಿವರೆಗೆ ಮಾತ್ರ ಸಮಯ ಕೊಟ್ಟಿತು. ನೀಲಿಯೇ ಬೇಕು ಅಂದರೆ ಯಾವ ಶಾಯಿ, ಏನೇನಿದೆ ಅಂತ ಬಾಟಲಿ ನೋಡಿ ಕೇಳಿ.

ಗುಬ್ಬಿಗೂ ತಾತನಿಗೂ ಏನಾದರೂ ನಂಟಿದೆಯಾ? ಇದ್ದರೆ ಹಾಕಿಸಿ. ಸುಮ್ನೆ ಜಾಗ ತುಂಬಿಸೋಕೆ ಆದರೆ ಬೇಡ. ಪದದ ಕೆಳಗೆ ಅವರು ಎಳೆದ ಗೆರೆ ಇದೆಯಲ್ಲ, ಅದನ್ನು ಬಿಡಬೇಡಿ.

---

ಕಾಡುಹಕ್ಕಿ:

ಮೇಡಂ ಹೇಳಿದ್ದೆಲ್ಲ ಒಪ್ಪುತ್ತೇನೆ, ಮುಂಗೈ ಒಂದನ್ನು ಬಿಟ್ಟು. ನನ್ನ ಮುಂಗೈ ಮೇಲೆ ಅಪ್ಪನ ಸಹಿ ಇದೆ. ನನಗೆ ಅದು ಬೇಕು, ಹಾಕಿಸಿಕೊಂಡದ್ದಕ್ಕೆ ಖುಷಿಯೂ ಇದೆ. ಆದರೆ ಒಂದು ವಿಷಯ ಯಾರೂ ಮೊದಲೇ ಹೇಳೋದಿಲ್ಲ. ಕಾಣುವ ಜಾಗದಲ್ಲಿ ಅಕ್ಷರ ಇದ್ದರೆ ಜನ ಓದುತ್ತಾರೆ. ಓದಿದವರು ಕೇಳುತ್ತಾರೆ. ಲಿಫ್ಟ್‌ನಲ್ಲಿ, ಮೀಟಿಂಗ್ ಶುರುವಾಗುವ ಮುಂಚೆ, ಬಿಲ್ ಕೊಡುವಾಗ. 'ಯಾರದು? ಏನಾಗಿತ್ತು?' ಕೆಲವು ದಿನ ಹೇಳೋಕೆ ಇಷ್ಟ ಆಗುತ್ತದೆ. ಕೆಲವು ದಿನ ಬಾಯಿ ಬರೋದಿಲ್ಲ.

ನಿಮ್ಮ ಸ್ವಭಾವ ನಿಮಗೇ ಗೊತ್ತು. ಪಕ್ಕೆಲುಬು ಅಂತ ಯೋಚಿಸಿದ್ದೀರಿ ಅಂದರೆ ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳುವ ಆಸೆಯೂ ಇದೆ ಅನಿಸುತ್ತದೆ. ಹಾಗಾದರೆ ತೋಳಿನ ಮೇಲ್ಭಾಗದ ಒಳಬದಿ ನೋಡಿ. 8 ಸೆಂಟಿಮೀಟರ್ ಆರಾಮಾಗಿ ಹಿಡಿಯುತ್ತದೆ, ಅರ್ಧ ತೋಳಿನ ಬಟ್ಟೆ ಹಾಕಿದರೂ ಮುಚ್ಚುತ್ತದೆ, ಕೈ ಎತ್ತಿದರೆ ನಿಮಗೆ ಕಾಣುತ್ತದೆ. ಮುಂಗೈಗಿಂತ ನೋವು ಸ್ವಲ್ಪ ಹೆಚ್ಚು, ಅದಂತೂ ಹೌದು.

ತೀರ್ಮಾನ ಮಾಡುವ ಮುಂಚೆ ಅಂಟಿಸುವ ತಾತ್ಕಾಲಿಕ ಟ್ಯಾಟೂ ಕಾಗದದಲ್ಲಿ ಆ ಪದವನ್ನು ಪ್ರಿಂಟ್ ಮಾಡಿಸಿ. ಎರಡೂ ಜಾಗದಲ್ಲಿ ಒಂದೊಂದು ಸಲ ಅಂಟಿಸಿ ಕೆಲಸಕ್ಕೆ ಹೋಗಿ, ನೆಂಟರನ್ನು ನೋಡಿ, ಸ್ನಾನ ಮಾಡಿ ಕನ್ನಡಿ ನೋಡಿ. ಕಪ್ಪು ಮೆಹಂದಿಯಲ್ಲಿ ಮಾತ್ರ ಬರೆಸಿ ನೋಡಬೇಡಿ. ಬೇಗ ಕಪ್ಪಾಗಲಿ ಅಂತ ಅದಕ್ಕೆ ಕೂದಲಿನ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಒಗ್ಗದವರಿಗೆ ಬೊಕ್ಕೆ ಏಳುತ್ತದೆ, ಗುರುತೂ ಉಳಿಯಬಹುದು.

---

ತಿಳಿನೀರು:

ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಭುಜದ ಗುರುತಿನ ಬಗ್ಗೆ ಯಾರೂ ಹೇಳಿಲ್ಲ, ನನಗೆ ಅದೇ ಮುಖ್ಯ ಅನಿಸಿತು.

ಗಾಯ ಮಾಗಿದ ಮೇಲೂ ಗುರುತು ಉಬ್ಬಿಕೊಂಡೇ ಇದ್ದರೆ, ಅದರಲ್ಲೂ ಗಾಯ ಆದ ಜಾಗ ದಾಟಿ ಪಕ್ಕಕ್ಕೆ ಬೆಳೆದಿದ್ದರೆ, ಅದು ಕೀಲಾಯ್ಡ್ ಇರಬಹುದು. ಅಂಥ ಚರ್ಮದವರಿಗೆ ಟ್ಯಾಟೂ ಸೂಜಿಯ ಗಾಯವೂ ಹಾಗೇ ಉಬ್ಬುವ ಸಾಧ್ಯತೆ ಇದೆ. ಭುಜ, ಎದೆಯ ನಡುಭಾಗ, ಕಿವಿಯ ಹಾಲೆ ಇವುಗಳಲ್ಲಿ ಇದು ಜಾಸ್ತಿ. ಹಾಗಂತ ಮುಂಗೈ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ಒಮ್ಮೆ ಚರ್ಮದ ವೈದ್ಯರಿಗೆ ಆ ಗುರುತು ತೋರಿಸಿ, ಆಮೇಲೆ ಅಪಾಯಿಂಟ್‌ಮೆಂಟ್ ತಗೊಳ್ಳಿ. ಇದನ್ನು ಮುಂದೂಡಬೇಡಿ.

ಆರಿಸಿದ ಜಾಗದಲ್ಲಿ ಮಚ್ಚೆ ಇದ್ದರೆ ಅದರ ಮೇಲೆ ಶಾಯಿ ಬೀಳಬಾರದು. ಮಚ್ಚೆಯ ಬಣ್ಣವೋ ಆಕಾರವೋ ಬದಲಾದರೆ ನಮಗೆ ಕಾಣಬೇಕು, ಶಾಯಿ ಅದನ್ನು ಮುಚ್ಚಿಬಿಡುತ್ತದೆ. ಸೋರಿಯಾಸಿಸ್ ಇರುವವರಿಗೆ ಸೂಜಿ ಚುಚ್ಚಿದ ಗೆರೆಯ ಮೇಲೇ ಹೊಸ ಕಲೆ ಏಳಬಹುದು. ರಕ್ತದಾನ ಮಾಡುವ ಅಭ್ಯಾಸ ಇದ್ದರೆ ಮುಂಚೆಯೇ ದಾನ ಮಾಡಿಬಿಡಿ, ಟ್ಯಾಟೂ ಆದ ಮೇಲೆ ಸಾಮಾನ್ಯವಾಗಿ ಕೆಲವು ತಿಂಗಳು ಕಾಯಲು ಹೇಳುತ್ತಾರೆ. ಪ್ಯಾಕೆಟ್ ಒಡೆದು ಸೂಜಿ ತೆಗೆಯೋದನ್ನು ಕಣ್ಣಾರೆ ನೋಡಿ.

---

ನೀಲಿಶಾಯಿ:

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದದ್ದು ನೋಡಿ ನಿಜಕ್ಕೂ ಹೃದಯ ತುಂಬಿ ಬಂತು. 'ಧ'ದ ಸೀಳಿನ ಮಾತು ಓದಿ ತಾತನ ಕಾಗದ ತೆಗೆದು ನೋಡಿದೆ. ಅವರು ಆ ಸೀಳನ್ನು ಕೊನೆಯಲ್ಲಿ ಬೇರೆಯಾಗಿ, ಕೆಳಕ್ಕೆ ಎಳೆದು ಹಾಕುತ್ತಿದ್ದರು. ಇಷ್ಟು ವರ್ಷ ಗಮನಿಸಿರಲೇ ಇಲ್ಲ.

ವೈದ್ಯರನ್ನು ಮೊದಲು ನೋಡುತ್ತೇನೆ. ಅವರು ಸರಿ ಅಂದರೆ ತೋಳಿನ ಮೇಲ್ಭಾಗದ ಒಳಬದಿ, 8 ಸೆಂಟಿಮೀಟರ್, ಕಪ್ಪು. ಗುಬ್ಬಿ ಬೇಡ. ಲಿಫ್ಟ್‌ನಲ್ಲಿ ಕೇಳುವವರಿಗೆಲ್ಲ ತಾತನ ವಿಷಯ ಹೇಳುವವಳು ನಾನಲ್ಲ.

ಸೂಜಿಮಲ್ಲಿಗೆ ಅವರೇ, ಒಂದು ಪ್ರಶ್ನೆ ಉಳಿದಿದೆ. ಕೊನೆಯ 'ರು' ಆದಮೇಲೆ ಪೆನ್ನು ನಿಂತು ಒಂದು ಚುಕ್ಕೆ ಬಿದ್ದಿದೆ. ಅಕ್ಷರಕ್ಕೆ ಹತ್ತಿಕೊಂಡಂತೆಯೇ ಇದೆ. ಅದನ್ನು ಇಟ್ಟುಕೊಳ್ಳಬಹುದಾ?

---

ಸೂಜಿಮಲ್ಲಿಗೆ:

ಖಂಡಿತ ಇಟ್ಟುಕೊಳ್ಳಿ. ಅವರ ಕೈ ಅಲ್ಲಿ ಒಂದು ಕ್ಷಣ ನಿಂತಿತ್ತು ಅಂತ ತೋರಿಸೋದೇ ಆ ಚುಕ್ಕೆ. ಹತ್ತಿಕೊಂಡಿದ್ದರೆ ಮುಂದೆ 'ರು'ವಿನ ಕೊಂಬಿನ ಜೊತೆ ಕೂಡಿ ಒಂದು ಮುದ್ದೆಯಾಗುತ್ತದೆ, ಹಾಗಾಗಿ ಎರಡು ಮೂರು ಮಿಲಿಮೀಟರ್ ಆಚೆ ಸರಿಸಲು ಹೇಳಿ. ಚುಕ್ಕೆಯನ್ನು ಒಂದೇ ಕಡೆ ಒತ್ತಿ ತುಂಬಿಸಿದರೆ ಶಾಯಿ ಆಳಕ್ಕೆ ಹೋಗಿ ಸುತ್ತ ಹರಡುತ್ತದೆ. ಚಿಕ್ಕದಾಗಿ ಶುರು ಮಾಡಲಿ, ಮಾಗಿದ ಮೇಲೆ ಬೇಕಿದ್ದರೆ ತುಂಬಿಸಬಹುದು.

ತೋಳಿನ ಒಳಬದಿಯ ಚರ್ಮ ಮೆತ್ತಗೆ, ಕೈ ಎತ್ತಿದಾಗ ಹಿಗ್ಗುತ್ತದೆ. ಸ್ಟೆನ್ಸಿಲ್ ಅನ್ನು ಕೈ ಎತ್ತಿಯೂ ಇಳಿಸಿಯೂ ನೋಡಿ. ಮೇಲ್ಚರ್ಮ ಮಾಗೋಕೆ ಎರಡರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಅಲ್ಲಿ ಬಟ್ಟೆ, ಬೆವರು, ಮೈ ಉಜ್ಜುವುದು ಜಾಸ್ತಿ, ಹಾಗಾಗಿ ಸಡಿಲ ತೋಳಿನ ಹತ್ತಿ ಬಟ್ಟೆ ಹಾಕಿ. ಈಜು ಬೇಡ, ಸಿಪ್ಪೆ ಕೀಳಬೇಡಿ.

ಮೂಲ ಕಾಗದವನ್ನು ಮಾತ್ರ ಸ್ಟುಡಿಯೋಗೆ ತರಬೇಡಿ. ನಮ್ಮ ಮೇಜಿನ ಮೇಲೆ ಶಾಯಿ, ಸೋಪಿನ ನೀರು, ವ್ಯಾಸಲೀನ್ ಎಲ್ಲ ಇರುತ್ತವೆ. ಸ್ಕ್ಯಾನ್ ಸಾಕು. 7, 8, 9 ಸೆಂಟಿಮೀಟರ್‌ನ ಮೂರು ಪ್ರಿಂಟ್ ತನ್ನಿ, ತೋಳಿಗೆ ಹಿಡಿದು ನೋಡಿ ಅಲ್ಲೇ ತೀರ್ಮಾನ ಮಾಡಬಹುದು.